ಕುಕ್ಕರ್ ರಿಪೇರಿಯವನ ಎಸ್ಪ್ರೆಸೊ

ಮಂಡಿ ಮೊಹಲ್ಲಾದ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿತು.
ಹನ್ನೊಂದು ಕೆಜಿ. ಹಿತ್ತಾಳೆಯ ಹೊಟ್ಟೆ, ಸ್ಟೀಲಿನ ಅಂಗಿ.
ಗೋಕುಲಂನಲ್ಲಿ ಬಾಗಿಲು ಹಾಕಿದ ಯಾವುದೋ ಕೆಫೆಯದಂತೆ.
‘ಜ್ಯೂಸ್ ಮಿಷಿನ್ನು ಸ್ವಾಮಿ’ ಅಂದ ಗುಜರಿಯ ಅನ್ಸರ್.
ನಾನು ಸುಮ್ಮನಿದ್ದೆ.
ಅಲ್ಲ ಅಂದಿದ್ದರೆ ಐನೂರು ಜಾಸ್ತಿ.

ಮೂವತ್ತೊಂದು ವರ್ಷ ಶಿವರಾಂಪೇಟೆಯಲ್ಲಿ ಕೂತು
ಊರಿನ ಕುಕ್ಕರುಗಳ ಕೊರಳು ನೋಡಿದವನು ನಾನು.
ಯಾರ ಮನೆ ಬೇಳೆ ಬೇಯುವುದಿಲ್ಲ,
ಯಾರ ಮನೆಯಲ್ಲಿ ಸೀಟಿಗೆ ಮೊದಲೇ ಸಿಡಿಯುತ್ತಾರೆ,
ರಬ್ಬರು ಮುಟ್ಟಿದರೆ ತಿಳಿಯುತ್ತದೆ.
ಆವಿ ನನಗೆ ಹೊಸದಲ್ಲ.
ಕಾಫಿಗೂ ಅದಕ್ಕೂ ನಂಟು
ಲೋಟದ ಮೇಲೆ ಆಡುವ ಹಬೆಯಷ್ಟೇ ಅಂದುಕೊಂಡಿದ್ದೆ.

ಬಿಚ್ಚಿದೆ. ತಿರುಪು ತಿರುಪಿಗೂ ಹಳೇ ಜಿಡ್ಡು.
ಹುಣಿಸೆಹಣ್ಣು, ಉಪ್ಪು ಹಾಕಿ ದೇವರ ದೀಪದ ಹಾಗೆ ತಿಕ್ಕಿದೆ.
ಬಸಿಯುವ ತಟ್ಟೆಯಡಿ ಒಂದು ಒಂಟಿ ಓಲೆ,
ನೀಲಿ ಕಲ್ಲಿನದು. ಯಾವ ಕಿವಿಯಿಂದ ಜಾರಿತ್ತೋ.
ಎಸೆಯಲು ಮನಸ್ಸಾಗದೆ ಸಾಸಿವೆ ಡಬ್ಬಿಗೆ ಹಾಕಿ
ಮರೆತೆ.

ಪುಡಿಯ ಅಂಗಡಿಯವನು ‘ಚಿಕೋರಿ ಎಷ್ಟು?’ ಅಂದ.
‘ಬೇಡ.’
ಮದುವೆಗೆ ವಾಲಗ ಬೇಡ ಅಂದವನನ್ನು ನೋಡುವ ಹಾಗೆ ನೋಡಿದ.
‘ಇನ್ನೂ ನುಣ್ಣಗೆ’ ಅಂದೆ.
‘ಕುಂಕುಮ ಅಲ್ಲ ಯಜಮಾನರೆ ಇದು.’
ಚಿರೋಟಿ ರವೆಗಿಂತ ಸಣ್ಣ, ಅಕ್ಕಿಹಿಟ್ಟಿಗಿಂತ ಒರಟು,
ಆ ಹದಕ್ಕೆ ಅವನ ಬಳಿ ಹೆಸರಿರಲಿಲ್ಲ, ನನ್ನ ಬಳಿಯೂ.

ಅಕ್ಕಸಾಲಿ ಮೌನೇಶನಿಂದ ತಕ್ಕಡಿ ಎರವಲು.
ಹದಿನೆಂಟು ಗ್ರಾಂ.
ಒಂದು ಗುಲಗಂಜಿ ಹೆಚ್ಚಿದರೂ ಮಿಷಿನ್ನು ಮುನಿಯುತ್ತದೆ.
ಕುಕ್ಕರಿಗೆ ಒಂದು ಬಾರ್ ಒತ್ತಡ ಸಾಕು,
ಇದಕ್ಕೆ ಒಂಬತ್ತು ಬೇಕಂತೆ,
ಬೊಗಸೆಯೂ ತುಂಬದ ಪುಡಿಯ ಮೇಲೆ!

ಮೊದಲ ಕಪ್ಪು ಹುಳಿ.
ಎರಡನೆಯದು ಬೇವು.
ಮೂರನೆಯದು ಕಪ್ಪಿಗೆ ಬರಲೇ ಇಲ್ಲ,
ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಮೇಲೆ ಚಿಮ್ಮಿತು.

ನಾಲ್ಕು ದಿನ ನೋಡಿದಳು ದೇವೀರಮ್ಮ.
ಐದನೆಯ ದಿನ, ಭಾನುವಾರ, ಹಿಡಿ ಕಿತ್ತುಕೊಂಡಳು.
‘ಚಕ್ಕುಲಿ ಒತ್ತಿದವರನ್ನ ಕೇಳಬಾರದಿತ್ತಾ?
ನೀವು ವಾಲಿಸಿ ಅಮುಕ್ತೀರಿ.
ನೀರು ಸೋಮಾರಿ, ಸಡಿಲ ಇದ್ದ ಕಡೆ ಓಡುತ್ತೆ.’
ಸೆರಗಿನ ಪಿನ್ನು ಬಿಚ್ಚಿ
ಪುಡಿಯ ಗಂಟು ಗಂಟನ್ನೂ ಕೆದಕಿದಳು,
ಅಂಗೈಯಲ್ಲಿ ತಟ್ಟಿ, ಹೆಬ್ಬೆರಳಲ್ಲಿ ಸವರಿ,
ಒಂದೇ ಸಲ ಒತ್ತಿದಳು, ನೇರ.

ಮೊದಲು ಏನೂ ಇಲ್ಲ. ಆರು ಎಣಿಸಿದೆ, ಏಳು.
ಎಂಟಕ್ಕೆ ಒಂದು ಹನಿ, ಕಪ್ಪು, ಬೀಳಲು ಹಿಂಜರಿದು.
ಹನಿಗೆ ಹನಿ ಕೂಡಿ
ಜೋನಿಬೆಲ್ಲದಂಥ ಎಳೆ,
ಗಾಳಿಗೆ ಕೊಂಚ ಬಳುಕಿ, ಹರಿಯದೆ, ಇಳಿಯಿತು.
ಇಪ್ಪತ್ತೇಳಕ್ಕೆ ನಿಲ್ಲಿಸಿದೆ.

‘ಇಷ್ಟೇನಾ? ಇಷ್ಟು ಗಲಾಟೆ ಮಾಡಿ ತೀರ್ಥದಷ್ಟು?’
ಮೂಸಿದಳು. ತುಟಿಗೆ ತಾಗಿಸಿದಳು.
ಬೀದಿಯಲ್ಲಿ ಸೊಪ್ಪಿನವಳು ಕೂಗಿ ದಾಟಿಹೋಗುವಷ್ಟು ಹೊತ್ತು
ಮಾತಿಲ್ಲ.
‘ಕೆಂಡದಲ್ಲಿ ಸುಟ್ಟ ಹಲಸಿನ ಬೀಜ,’ ಅಂದಳು,
‘ಸಿಪ್ಪೆ ಸಮೇತ.’

ಆಮೇಲೆ ನನ್ನ ಕಣ್ಣೆದುರೇ
ಅದನ್ನು ಬಿಸಿಹಾಲಿಗೆ ಸುರಿದು, ಎರಡು ಚಮಚ ಸಕ್ಕರೆ ಹಾಕಿ,
ಲೋಟದಿಂದ ಲೋಟಕ್ಕೆ ಮೊಳದುದ್ದ ಎಳೆದಳು.
ನನ್ನ ಹದಿನೆಂಟು ಗ್ರಾಂ, ನನ್ನ ಇಪ್ಪತ್ತೇಳು ಎಣಿಕೆ
ನೊರೆಯಾಗಿ ಅವಳ ಮೇಲ್ದುಟಿಗೆ ಹತ್ತಿತು.
ಉಳಿದ ಗುಟುಕು ನನಗೆ ಕೊಟ್ಟಳು.
ಚೆನ್ನಾಗಿತ್ತು. ಹೇಳಲಿಲ್ಲ.

ಹಿತ್ತಾಳೆ ಫಿಲ್ಟರು ಈಗಲೂ ಗೂಡಿನಲ್ಲಿದೆ.
ರಾತ್ರಿ ಪುಡಿ ಹಾಕಿ ನೀರು ಹೊಯ್ದರೆ
ಬೆಳಗಿನೊಳಗೆ ಇಳಿದಿರುತ್ತದೆ.
ಗೇಜಿಲ್ಲ, ಗ್ಯಾಸ್ಕೆಟ್ಟಿಲ್ಲ,
ಭೂಮಿ ಕರೆದಷ್ಟೇ ಒತ್ತಡ.
ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ
ನನ್ನ ಅಂಗಡಿಗೆ ಬಂದದ್ದಲ್ಲ ಅದು.

ಭಾನುವಾರಕ್ಕೆ ಮಾತ್ರ ಮಿಷಿನ್ನು.
ಮೌನೇಶ ತಕ್ಕಡಿ ಕೇಳಲು ಬಂದು ಕಪ್ಪು ಮುಗಿಸಿ ಹೋಗುತ್ತಾನೆ,
ತಕ್ಕಡಿ ಇಲ್ಲೇ.
ಹಿಂಡಿದ ಪುಡಿಯ ಬಿಲ್ಲೆ, ವಡೆಯಂತೆ ಇಡಿಯಾಗಿ,
ಕನಕಾಂಬರದ ಕುಂಡಕ್ಕೆ.

ಮೊನ್ನೆ ಗುರುವಾರ. ಒಲೆಯ ಮೇಲೆ ಎಣ್ಣೆ ಕಾದಿತ್ತು,
ಒಗ್ಗರಣೆಗೆಂದು ಡಬ್ಬಿಗೆ ಕೈಹಾಕಿದ ದೇವೀರಮ್ಮ
ಬೆರಳ ತುದಿಯಲ್ಲಿ ನೀಲಿ ಕಲ್ಲು ಹಿಡಿದು ತಿರುಗಿದಳು.
‘ಯಾರದ್ರೀ ಇದು?’

ನಾನು ಗೇಜು ನೋಡಿದೆ.
ಮಿಷಿನ್ನು ಆರಿಸಿತ್ತು.