ಊರೂ ಮೋಲಾ

ಬೌಬೌ ಆಸ್ಪತ್ರೆಯ ಕಿಟಕಿಯಾಚೆ ಕೂತವಳು ಕೇಳಿದಳು: ಊರು?
ಮೋಲಾ, ಅಂದೆ.
ಕಾಯಿಲೆ ಕೇಳಲಿಲ್ಲಮ್ಮಾ, ಊರು.
ಮೋಲಾ ಅಂದರೆ ಮೋಲಾನೇ,
ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಬಜೋ ಜನರ ಕೇರಿ,
ಮಂಚದ ಕೆಳಗೇ ಮೀನು ಓಡಾಡುವ ಊರು.
ಅವಳು ನಗಲೂ ಆರದೆ
ಎರಡು ಗೆರೆಗಳಲ್ಲೂ ಒಂದೇ ಮಾತು ಬರೆದಳು.

ನಮ್ಮ ಕಡೆ ಇದಕ್ಕೆ ದ್ರಾಕ್ಷಿ ಬಸಿರು ಅನ್ನುತ್ತಾರೆ.
ದ್ರಾಕ್ಷಿಬಳ್ಳಿ ನಾನು ಕಂಡವಳಲ್ಲ.
ಕಂಡದ್ದು ಕಡಲ ದ್ರಾಕ್ಷಿ, ಇಳಿತದ ಹೊತ್ತು ಬಂಡೆಗೆ ಅಂಟಿದ
ಹಸಿರು ಮಣಿ, ಹಲ್ಲಿಗೆ ಸಿಕ್ಕರೆ ಟಪ್ಪೆಂದು ಉಪ್ಪುನೀರು.
ಪರದೆಯ ಮೇಲೆ ತೋರಿಸಿದ್ದೂ ಅದನ್ನೇ,
ಬಣ್ಣ ಹೋಗಿತ್ತು ಅಷ್ಟೆ.
ಎದೆಬಡಿತ ಎಲ್ಲಿ ಅಂತ ನಾನು ಕೇಳಲಿಲ್ಲ.
ಗಂಡ ಕೇಳಿದ.

ತೆಗೆದರು. ತೊಳೆದರು. ಮುಗಿಯಿತು ಅಂದುಕೊಂಡೆ.
ಮುಗಿದಿಲ್ಲ ಸಬರಿಯಾ, ಅಂದರು ಡಾಕ್ಟರ್ ಪಾಲಿಂಬೊಂಗ್,
ಬೆರಳು ಮಡಚುತ್ತ:
ನಿನಗೆ ನಲವತ್ತಮೂರು.
ಮೂರು ತಿಂಗಳಿಗೇ ಐದು ತಿಂಗಳ ಹೊಟ್ಟೆ.
ರಕ್ತದಲ್ಲಿ ಬಸಿರಿನ ಹಾರ್ಮೋನು ಲಕ್ಷ ದಾಟಿ ಎರಡು ಲಕ್ಷದ ಹತ್ತಿರ.
ಅಂಡಾಶಯ ಎರಡೂ ಊದಿ ಬಾತುಮೊಟ್ಟೆಗಿಂತ ದೊಡ್ಡವು.
ಹಿಂದೆ ಒಮ್ಮೆ ಹೀಗಾಗಿತ್ತೇ?
ಆಗಿತ್ತು. ಹನ್ನೊಂದು ವರ್ಷದ ಕೆಳಗೆ. ಯಾರಿಗೂ ಹೇಳಿರಲಿಲ್ಲ.
ಐದನೆಯ ಬೆರಳೂ ಮಡಚಿತು.

ಆ ಮುಷ್ಟಿಯನ್ನೇ ನೋಡುತ್ತ ಕೇಳಿದೆ, ನಾನೇನು ತಪ್ಪು ಮಾಡಿದೆ?
ಬಸುರಿ ಆಕ್ಟೋಪಸ್ ತಿಂದರೆ ಹೀಗೇ, ಅಂದಿದ್ದರು ಅತ್ತೆ.
ಮುಷ್ಟಿ ಬಿಚ್ಚಿತು.
ನಿನ್ನ ಗಂಡ ಗಾಳಿ ನೋಡದೆ ದೋಣಿ ಬಿಡುತ್ತಾನಾ?
ಇಲ್ಲ. ಮೋಡದ ಬುಡ ಕಪ್ಪಾದರೆ,
ಹಕ್ಕಿ ಹೊತ್ತಿಗೆ ಮುಂಚೆ ದಡ ಸೇರಿದರೆ,
ಇನ್ನೊಂದು ಹಗ್ಗ ಬಿಗಿಯುತ್ತಾನೆ.
ಆಗೆಲ್ಲ ಬಿರುಗಾಳಿ ಬಂದೇ ಬರುತ್ತದಾ?
ಬಹಳ ಸಲ ಬರುವುದಿಲ್ಲ.
ಬಂದರೆ ಹಕ್ಕಿಯ ತಪ್ಪಾ?
ನಾನು ಸುಮ್ಮನಾದೆ.

ಅಂದಿನಿಂದ ವಾರಕ್ಕೊಂದು ಹಡಗು, ವಾರಕ್ಕೊಂದು ಸೂಜಿ.
ಲಕ್ಷದ ತೊಂಬತ್ತು ಸಾವಿರ. ಹನ್ನೊಂದು ಸಾವಿರ. ಒಂಬೈನೂರು.
ಕಡಲಪಾಚಿ ಮಾರಿದ ಲೆಕ್ಕದ ಪುಸ್ತಕದಲ್ಲೇ ಗಂಡ ಬರೆದಿಟ್ಟ,
ಇಳಿದರೆ ಲಾಭವಾಗುವ ಒಂದೇ ಪುಟ.
ಸದ್ಯ ಬಸಿರಾಗಬೇಡ, ಅಂಕಿ ಕಲಸಿಹೋಗುತ್ತದೆ ಅಂದಿದ್ದರು.
ಮಾತ್ರೆ ಕೊಟ್ಟಿದ್ದರೂ ಅವನು ಚಾಪೆಯನ್ನು ಬಾಗಿಲ ಬಳಿ ಹಾಸಿಕೊಂಡ.
ಹಲಗೆಯ ಸಂದಿಯಲ್ಲಿ ನೀರು ಹೊಳೆಯುವುದನ್ನು
ಇಬ್ಬರೂ ನೋಡುತ್ತಿದ್ದೆವು, ಬೇರೆಬೇರೆ ಸಂದಿಯಲ್ಲಿ.

ಮುನ್ನೂರ ಹತ್ತು.
ಮುನ್ನೂರ ಎಂಟು.
ಮುನ್ನೂರ ಹದಿನಾಲ್ಕು.
ಮುನ್ನೂರ ಹನ್ನೊಂದು.

ಭರತ ನಿಂತು ಇಳಿತ ಹಿಡಿಯದ ಹೊತ್ತೊಂದು ಇರುತ್ತದೆ,
ಬಲೆ ಅತ್ತಲೂ ಇಲ್ಲ ಇತ್ತಲೂ ಇಲ್ಲ.
ಡಾಕ್ಟರು ಮಕಾಸ್ಸರಿಗೆ ಚೀಟಿ ಬರೆದರು.
ಕ್ಯಾನ್ಸರ್ ಅನ್ನುವ ಮಾತನ್ನು
ಬಿಸಿ ಪಾತ್ರೆ ಇಳಿಸಿದ ಹಾಗೆ ಮೆಲ್ಲಗೆ ಇಟ್ಟರು.
ಮದ್ದಿನ ಮಾತು ಕೇಳುವಂಥದ್ದು ಇದು,
ಕಾದು ಕೂತಿದ್ದೆವು, ಬೇಗ ಸಿಕ್ಕಿತು, ಅಂದರು.

ದೊಡ್ಡ ಹಡಗಿನ ಟಿಕೆಟ್ ಕಿಟಕಿಯಲ್ಲಿ ಮತ್ತೆ ಅದೇ: ಊರು?
ಈ ಸಲ ಗಂಡ ಮುಂದೆ ನುಗ್ಗಿ ಹೇಳಿದ,
ಮೋಲಾ,
ದೋಣಿಯಿಂದ ದೋಣಿಗೆ ಕೂಗುವ ದನಿಯಲ್ಲಿ.
ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.