ಬೀಗರ ನಡುವೆ ಕೂತು

ಮೇಜಿನ ಮೇಲೆ ಹದಿನಾಲ್ಕು ತಟ್ಟೆ.
'ಏನೂ ಮಾಡಿಲ್ಲ, ಹೊಟ್ಟೆ ತುಂಬುತ್ತದೋ ಇಲ್ಲವೋ' ಅಂದಳು ಅಮ್ಮ.
ಅಕ್ಷರ ಬಿಡದೆ ಹಾಗೇ ದಾಟಿಸಿದೆ ನಾನು.
ಮಾವ ಊಡ್‌ವಾರ್ ತುಟಿಯಲ್ಲೇ
ತಟ್ಟೆಗಳನ್ನು ಎಣಿಸಿದರು, ಎರಡು ಸಲ.
ಆಮೇಲೆ ನನ್ನ ಮುಖ ನೋಡಿದರು:
ಈ ಸೊಸೆಗೆ ಭಾಷೆ ನೆಟ್ಟಗೆ ಬರುತ್ತದೋ ಇಲ್ಲವೋ!

ನಾರ್ವೆಯ ಬಡಗಣ ತುದಿ, ವಾರ್ಡೋ, ಅವರ ಊರು.
ಬಡಿಸಿದ್ದನ್ನು ಬಿಟ್ಟರೆ ಅಲ್ಲಿ
ಅಡಿಗೆ ಮಾಡಿದವಳ ಮುಖಕ್ಕೆ ಹೊಡೆದಂತೆ.
ಇಲ್ಲಿ ಚೊಂಗ್‌ವುದಲ್ಲಿ ಬಟ್ಟಲು ಬರಿದಾದರೆ
'ಸಾಲಲಿಲ್ಲ' ಎಂಬ ದೂರು.
ಅವರು ಬಳಿದು ತಿಂದರು, ಅಮ್ಮ ಬಡಿಸಿದಳು.
ಮತ್ತೆ ಬಳಿದರು, ಮತ್ತೆ ಬಡಿಸಿದಳು.
ಮೊಟ್ಟೆಯಲ್ಲಿ ಹುರಿದ ಸಿಂಪಿ, ಕಡಲಹುಳುವಿನ ತಣ್ಣನೆ ಲೋಳೆ,
ಹೆಸರೇ ಹೇಳಬಾರದೆಂದು ನಾನು ನುಂಗಿಕೊಂಡ ಇನ್ನೊಂದು.
ಮಾವನ ಕೆಂಪು ಹಣೆಯಲ್ಲಿ ಬೆವರು.
ಅಮ್ಮನ ಹಣೆಯಲ್ಲೂ.
ಇಬ್ಬರೂ ಮರ್ಯಾದಸ್ಥರು,
ಸೋಲೊಪ್ಪುವವರು ಯಾರು?

ತುತ್ತಿಗೊಂದು 'ತಕ್' ಅನ್ನುತ್ತಿದ್ದರು ಮಾವ.
'ಏನದು, ಬಿಕ್ಕಳಿಕೆಯೇ?' ಕೇಳಿದಳು ಅಮ್ಮ.
ಕೃತಜ್ಞತೆ ಅಮ್ಮ, ಅಂದೆ.
'ಅಷ್ಟೊಂದು ಸಲವೇ? ನಾವೇನು ಹೊರಗಿನವರೇ?'
ಸೂಪಿನ ಹಂಡೆ ಎತ್ತುತ್ತ
ಸಣ್ಣಗೆ ನೊಂದುಕೊಂಡಳು.

ಮಾವನಿಗೂ ಒಂದು ನೋವಿತ್ತು.
ಬಂದ ಕೂಡಲೇ ಕೊಟ್ಟಿದ್ದರು ಒಂದು ಉದ್ದನೆ ಪೊಟ್ಟಣ.
ಬೇಡ ಬೇಡ ಎಂದು ಮೂರು ಸಲ ಅಂದು
ಎರಡೂ ಕೈಯಲ್ಲಿ ತೆಗೆದುಕೊಂಡು
ಅದರತ್ತ ನೋಡಿಯೂ ನೋಡದೆ
ಬೀರುವಿನ ಮೇಲಿಟ್ಟಳು ಅಮ್ಮ.
ಎದುರಿಗೇ ಬಿಚ್ಚುವುದೆಂದರೆ ಆಸೆಬುರುಕುತನ.
ಬಿಚ್ಚದಿರುವುದೆಂದರೆ ಅವರ ಲೆಕ್ಕದಲ್ಲಿ
ಬಾಗಿಲು ತೆರೆಯದಿರುವುದು.
ಊಟದುದ್ದಕ್ಕೂ ಅವರ ಕಣ್ಣು
ಬೀರುವಿನತ್ತ ಹೋಗಿ ಹೋಗಿ ಬರುತ್ತಿತ್ತು.

ಕೊನೆಗೆ ಮೀನು.
ಮೇಲ್ಮೈಯ ಮಾಂಸ ತೀರಿದ್ದೇ
ಮಾವ ಫೋರ್ಕು ಹಾಕಿ ಮಗುಚಲು ಹೋದರು.
ಮೇಜಿನ ಸುತ್ತ ಎಲ್ಲ ಕಡ್ಡಿಗಳೂ ನಿಂತವು.
ಚಿಕ್ಕಪ್ಪ ಗ್ಲಾಸು ಕೆಳಗಿಟ್ಟ.
ತಟ್ಟೆಯ ಮೀನು ಮಗುಚಿದರೆ
ಕಡಲ ದೋಣಿ ಮಗುಚುತ್ತದೆ.
ನನ್ನ ತಮ್ಮ ಆ ರಾತ್ರಿ
ತೈವಾನಿನ ಕಡೆಯ ನೀರಿನಲ್ಲಿದ್ದ.
ಇದನ್ನೆಲ್ಲ ಯಾವ ಮಾತಿನಲ್ಲಿ ಹೇಳಲಿ,
ದಾಕ್ಷಿಣ್ಯದ ಪ್ರಾಣಿ ನಾನು.
'ಮಾವ, ಅಡಿಯಲ್ಲಿ ಸುಡುತ್ತಿದೆ' ಅಂದೆ.
ನಲವತ್ತು ವರ್ಷ ಕಾಡ್ ಮೀನು ಹಿಡಿದವರು
ತಣ್ಣಗಾದ ಮೀನಿಗೆ
ಉಫ್ ಉಫ್ ಎಂದು ಊದುತ್ತ ಕೂತರು.
ಅಮ್ಮ ಮೆಲ್ಲಗೆ ಮುಳ್ಳಿನ ಸಾಲನ್ನೇ ಎತ್ತಿ
ಕೆಳಗಿನ ಮಾಂಸ ಅವರ ಬಟ್ಟಲಿಗೆ ಜಾರಿಸಿದಳು.
'ತಕ್.'

ರಾತ್ರಿ ಗೋಡೆಯಾಚೆ ಕಾಗದ ಬಿಚ್ಚಿದ ಸದ್ದು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಬೆಳಗ್ಗೆ ನಾನು ಬ್ರಷ್ ಕಚ್ಚಿಕೊಂಡು ಬಂದರೆ
ಅಂಗಳದ ಕಲ್ಲುಬೆಂಚಿನ ಮೇಲೆ ಮಾವ,
ಎದುರಿಗೆ ಅಮ್ಮ.
ಅವಳ ಕೈಯಲ್ಲಿ ಮೀನು ಸೀಳುವ ಚೂರಿ,
ಹಿಮಸಾರಂಗದ ಕೊಂಬಿನ ಹಿಡಿ,
ಅವರೇ ಕೆತ್ತಿದ್ದು.
ಎದೆ ಧಸಕ್ಕೆಂದಿತು.
ಚೂರಿಯ ಉಡುಗೊರೆ ನಂಟು ಕಡಿಯುತ್ತದೆ, ಗೊತ್ತಿಲ್ಲವೇ,
ಯಾಕೆ ನನ್ನನ್ನೊಂದು ಮಾತು ಕೇಳಲಿಲ್ಲ,
ಓಡಬೇಕು, ಏನಾದರೂ ಸುಳ್ಳು ಹೊಸೆಯಬೇಕು,
ಬಾಯ್ತುಂಬ ನೊರೆ.

ಅಮ್ಮ ಸೊಂಟದ ಚೀಲದಿಂದ
ಒಂದು ಯುವಾನಿನ ನಾಣ್ಯ ತೆಗೆದಳು.
ಕೊಂಡ ಚೂರಿ ಏನನ್ನೂ ಕಡಿಯುವುದಿಲ್ಲ.
ಅವಳು ನೀಡುವ ಮೊದಲೇ
ಮಾವನ ಅಂಗೈ ಚಾಚಿತ್ತು.
(ವಾರ್ಡೋದಲ್ಲೂ ಹೀಗೇ ಅಂತೆ,
ಸಿಂದ್ರೆ ಆಮೇಲೆ ಹೇಳಿದ.)
ನಾಣ್ಯವನ್ನು ಅಂಗಿಯ ಜೇಬಿಗೆ ಹಾಕಿ
ಗುಂಡಿ ಹಾಕಿಕೊಂಡರು.
ಯಾರೂ ನನ್ನತ್ತ ತಿರುಗಲಿಲ್ಲ.

'ತಿಂಡಿಗೆ ಏನೂ ಇಲ್ಲ' ಅಂದಳು ಅಮ್ಮ.
ನಾನಿನ್ನೂ ಬಾಯಿ ಮುಕ್ಕಳಿಸಿರಲಿಲ್ಲ;
ಮಾವ ಎದ್ದು ನಿಂತು
ಬೆಲ್ಟನ್ನು ಒಂದು ತೂತು ಸಡಿಲಿಸಿಕೊಂಡರು.