ಎಡಗೆನ್ನೆಗೆ ಐದು, ಬಲಗೆನ್ನೆಗೆ ಹತ್ತು

ಕಲ್ಸಂಕದ ಮೆಡಿಕಲ್ಲಿನಲ್ಲಿ ಮೂರು ಬಾಟ್ಲಿ ಎದುರಿಗಿಟ್ಟರು
ಪುಂಡಲೀಕ ಕಿಣಿಯವರು, ಕನ್ನಡಕ ಹಣೆಗೇರಿಸಿ.
"ನಯಾಸಿನಮೈಡೇ ಎಲ್ಲ. ಇದು ಐದು ಪರ್ಸೆಂಟು, ಇದು ಹತ್ತು,
ಇದಕ್ಕೆ ಝಿಂಕ್ ಸೇರಿಸಿದ್ದು.
ಹೋಗುವುದು ಹತ್ತೇ ಮಾರಾಯ್ರೆ, ಎಲ್ಲರಿಗೂ ಹತ್ತೇ ಬೇಕು."

ನಗು ಬಂತು.
ಹತ್ತೊಂಬತ್ತು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ
ದ್ರಾವಣ ಕಲಸಿದವಳು ನಾನು, ಅಟೆಂಡರ್ ವಾರಿಜ.
ನೂರು ಎಂಎಲ್ಲಿಗೆ ಹತ್ತು ಗ್ರಾಂ ಅಂದರೆ ಎಷ್ಟು ಅಂತ
ತಕ್ಕಡಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತು.
ಹೆಚ್ಚು ಹಾಕಿದ್ದೆಲ್ಲ ಹೆಚ್ಚು ಒಳ್ಳೆಯದಾಗಿದ್ದರೆ
ಉಪ್ಪೇ ಸಾರಾಗುತ್ತಿತ್ತು.

ಎರಡನ್ನು ಕಟ್ಟಿಸಿಕೊಂಡೆ. ಝಿಂಕಿನದು ಬೇಡ ಅಂದೆ,
ಒಮ್ಮೆಗೇ ಎರಡು ಬದಲಾದರೆ
ಯಾವುದು ಮಾಡಿತು ಅಂತ ಹೇಳುವುದು ಹೇಗೆ?

ಭಂಗು ಬಂದದ್ದು ಮಗಳು ಹೊಟ್ಟೆಯಲ್ಲಿದ್ದಾಗ.
"ಹೆತ್ತ ಮೇಲೆ ಹೋಗ್ತದೆ" ಅಂದರು.
ಹೆತ್ತು ಹದಿನೈದು ವರ್ಷ.
ಕೆನ್ನೆಗೊಂದೊಂದು, ಚಹಾ ಚೆಲ್ಲಿ ಒರೆಸಲು ಮರೆತ ಹಾಗೆ,
ಹಣೆಗೊಂದು, ಕುಂಕುಮದ ಬೊಟ್ಟನ್ನು ಸುತ್ತಿ.

ಹಳೆಯ ಪ್ರಾಕ್ಟಿಕಲ್ ರೆಕಾರ್ಡಿನ ಖಾಲಿ ಪುಟ ತೆಗೆದೆ.
ಉದ್ದೇಶ: ಯಾವುದು ಸರಿ ಎಂದು ತಿಳಿಯುವುದು.
ಬೇಕಾಗುವ ಸಾಮಗ್ರಿ: ಬಾಟ್ಲಿ ಎರಡು, ಮುಖ ಒಂದು.
ವಿಧಾನ: ಎಡಗೆನ್ನೆಗೆ ಐದು, ಬಲಗೆನ್ನೆಗೆ ಹತ್ತು,
ಹಣೆಗೆ ಏನೂ ಇಲ್ಲ. ಹಣೆ ಕಂಟ್ರೋಲು.
ಹಣೆಯಲ್ಲಿ ಬರೆದದ್ದಕ್ಕೆ
ನಾನು ಕೈ ಹಾಕಲಿಲ್ಲ ಎಂದುಕೊಳ್ಳಿ.

ಏಪ್ರಿಲ್ ಇಪ್ಪತ್ತೆರಡು. ಸೆಕೆ.
ಉಡುಪಿಯ ಸೆಕೆಯಲ್ಲಿ ಹಚ್ಚಿದ್ದು ಒಣಗುವುದಿಲ್ಲ,
ಬೆವರಿನ ಮೇಲೆ ತೇಲುತ್ತದೆ, ದಡ ಸಿಗದ ದೋಣಿ.
ಏಪ್ರಿಲ್ ಇಪ್ಪತ್ತೊಂಬತ್ತು. ಬಲಗೆನ್ನೆ ಚುರುಚುರು, ಕೆಂಪು.
ಸರ್ವಿಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ದಯಾನಂದ
"ಎಂತ ಅಕ್ಕ, ಯಾರು ಹೊಡೆದದ್ದು?" ಅಂದ.
ಮೇ ಆರು. ಗಂಡ ಏನೂ ಅನ್ನಲಿಲ್ಲ.
ಮೇ ಹದಿಮೂರು. ಗಂಡ ಏನೂ ಅನ್ನಲಿಲ್ಲ.
ಬರೆದಿಟ್ಟೆ. ಏನೂ ಆಗದಿರುವುದೂ ಒಂದು ರೀಡಿಂಗು.

ಮೀನಿನ ಜಲಜಕ್ಕ ಬುಟ್ಟಿ ಇಳಿಸಿ ಬಾಟ್ಲಿ ತಿರುಗಿಸಿ ನೋಡಿದಳು.
"ಎಷ್ಟು?" "ಐನೂರ ತೊಂಬತ್ತು."
"ಎಂತ ಉಂಟು ಇದರಲ್ಲಿ?" "ಬಿ ತ್ರೀ ವಿಟಮಿನ್ನು.
ಬಂಗುಡೆಯಲ್ಲೂ ಉಂಟಂತೆ."
ಅವಳು ನಕ್ಕ ನಗುವಿಗೆ ಬೆಕ್ಕು ಗೋಡೆಯಿಂದ ಹಾರಿತು:
"ಬಂಗಿಗೆ ಬಂಗುಡೆ! ನೂರಕ್ಕೆ ಆರು ಕೊಡ್ತೇನೆ,
ಕೆನ್ನೆಗೆ ಕಟ್ಟಿಕೋ!"
ಅವಳ ಕೆನ್ನೆಯಲ್ಲೂ ಇತ್ತು, ನನ್ನದಕ್ಕಿಂತ ಅಗಲ,
ಮಲ್ಪೆಯ ಬಿಸಿಲು ಇಪ್ಪತ್ತು ವರ್ಷ ತೇದು ಹಚ್ಚಿದ್ದು.
ಅದನ್ನವಳು ಲೆಕ್ಕಕ್ಕೆ ಹಿಡಿದವಳಲ್ಲ,
ಲೆಕ್ಕ ಏನಿದ್ದರೂ ಮೀನಿನದ್ದು.

ಜೂನ್ ಇಪ್ಪತ್ತನಾಲ್ಕು. ಎಡಗೆನ್ನೆ ತಿಳಿ.
ಬಲಗೆನ್ನೆಯೂ ತಿಳಿ, ಉರಿ ಮಾತ್ರ ಉಂಟು.
ಗೆದ್ದೆ ಅಂತ ಕನ್ನಡಿಯ ಹತ್ತಿರ ಹೋದೆ.
ಹಣೆ ನೋಡಿದೆ.

ಹಣೆಯೂ ತಿಳಿ.

ಏನೂ ಹಚ್ಚದ ಹಣೆ, ಹನಿಯೂ ಮುಟ್ಟದ ಹಣೆ!
ಕಿಟಕಿಯ ಹೊರಗೆ, ಕಡಲಿನ ಕಡೆಯಿಂದ ಕಪ್ಪಗೆ ಕವಿದದ್ದು
ಮೂರು ವಾರದಿಂದ ಕವಿದೇ ಇತ್ತು.
ದಿನಾ ಕೊಡೆ ಬಿಡಿಸಿ ಹೋಗಿ ಕೊಡೆ ಕೊಡವಿ ಬಂದವಳು
ಮಳೆಯನ್ನು ರೆಕಾರ್ಡಿಗೆ ಸೇರಿಸಲು ಮರೆತಿದ್ದೆ.
ಮೂರನೆಯ ಬಾಟ್ಲಿ ಅದು, ಪರ್ಸೆಂಟು ಬರೆಯದ್ದು,
ಕಿಣಿಯವರ ಕಪಾಟಿನಲ್ಲಿ ಹಿಡಿಸದ್ದು.

ತೀರ್ಮಾನ, ಎಂದು ಬರೆದೆ. ಪೆನ್ನು ನಿಂತಿತು.
ಉತ್ತರಕ್ಕೆ ತಕ್ಕ ರೀಡಿಂಗ್ ಹೊಂದಿಸುವ ಹುಡುಗರನ್ನು
ವರ್ಷಾ ವರ್ಷಾ ಕಂಡವಳಿಗೆ
ಆ ಕೈಚಳಕ ಬೇಡವೆನಿಸಿತು.
ಸದ್ಯಕ್ಕೆ ಹಚ್ಚುವುದು ಐದನ್ನೇ.
ಉರಿಯುವುದಿಲ್ಲ, ಅಷ್ಟೇ ಕಾರಣ,
ಮುಖಕ್ಕೂ ಸ್ವಲ್ಪ ಮರ್ಯಾದೆ ಬೇಕಲ್ಲ.

ಬೆಳಿಗ್ಗೆ ನೋಡಿದರೆ ಪುಟದ ಬುಡದಲ್ಲಿ
ಮಗಳ ಕೆಂಪು ಪೆನ್ನು,
ನಮ್ಮ ಮೇಡಮ್ಮಿನದೇ ಓರೆ ಸಹಿಯ ನಕಲು:
"ಸಾಮಗ್ರಿಯಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ.
ಮಾರ್ಚಿನಲ್ಲಿ ರಿಪೀಟ್."